ತಖ್ತೆಯಲ್ಲಿ ಹರಿದ ನೀರು

ನಾಲೆ ನೀರು ಬಿಡುವ ಸೌಡಿಯನ್ನು ಹೊಡೆದದ್ದು ಅವನದೇ ಸನಿಕೆಯಿಂದ. ಉಪನಾಲೆಯ ಕೊನೆಯ ತೂಬಿನ ಹತ್ತಿರ, ಹಗಲು ಹೊತ್ತಿನಲ್ಲಿ, ಊರಿನ ಜನ ಸುತ್ತ ನಿಂತು ನೋಡುತ್ತಿದ್ದಾಗ. ಮೊದಲ ಏಟು ಎಡಗೈಗೆ ಬಿದ್ದು ಮೂಳೆ ಮುರಿಯಿತು. ಎರಡನೆಯದು ತಲೆಗೆ. ಕೆಳಗೆ ಬಿದ್ದವನನ್ನು ಕಾಲು ಹಿಡಿದು ಎಳೆದು, ಒಣಗಿ ನಿಂತಿದ್ದ ನಾಲೆಯೊಳಗೆ ಕೆಡವಿ, "ಮಾರ್ಕಂಡಿಯಲ್ಲ, ಈಗ ಕುಡಿ ನೀರು" ಎಂದು ಬಾಯಿಗೆ ಮಣ್ಣು ತುರುಕಿದರು. ಸನಿಕೆ ಎತ್ತಿದವನು ಬೇರೆ ಯಾರೂ ಅಲ್ಲ, ಅವನ ಹೆಂಡತಿಯ ತಮ್ಮ.

ನಾನು ಆಗ ಚನ್ನಗಿರಿಯಲ್ಲಿ ನಾಲೆ ನೋಡಿಕೊಳ್ಳುವ ಒಂದು ಸರ್ಕಾರಿ ಕಚೇರಿಯಲ್ಲಿ ಜೂನಿಯರ್ ಇಂಜಿನಿಯರ್. ಎಂಬತ್ತರ ದಶಕದ ನಡುಭಾಗ. ಸ್ವಂತ ಊರು ಜಗಳೂರು. ನಾಲೆ ಎಂಬುದನ್ನೇ ಕಾಣದ ತಾಲ್ಲೂಕಿನವನು ನಾಲೆಯ ನೌಕರಿಗೆ ಬಂದಿದ್ದೇನೆಂದು ಕಚೇರಿಯವರೆಲ್ಲ ನಗುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಕೋಪ. ಅದಕ್ಕೂ ಅವರ ಹತ್ತಿರ ಮಾತು ಸಿದ್ಧವಿತ್ತು, "ಊರಿನ ಹೆಸರಾಗೇ ಜಗಳ ಇಟ್ಕಂಡು ಬಂದಾರೆ, ಏನ್ ಮಾಡಾಕಾಗ್ತತೆ ಬಿಡ್ರಿ" ಎನ್ನುತ್ತಿದ್ದರು.

ಸೌಡಿ ಎಂದರೆ ತೂಬಿನ ಬಾಗಿಲು ಎತ್ತಿ ಇಳಿಸುವವನು. ಜೊತೆಗೆ ಪ್ರತಿದಿನ ಬೆಳಿಗ್ಗೆ ತೂಬಿನ ಪಕ್ಕದ ಗೇಜು ಕಲ್ಲನ್ನು ನೋಡಿ, ಇವತ್ತು ಎಷ್ಟು ಅಡಿ ನೀರು ಹರಿಯಿತೆಂದು ಚೀಟಿಯಲ್ಲಿ ಬರೆದು ಕಚೇರಿಗೆ ಕಳಿಸಬೇಕು. ಮೊದಲೆಲ್ಲ ನಮ್ಮ ಗುಮಾಸ್ತರು ಆ ಚೀಟಿಗಳನ್ನು ನೋಡಿ ಕೈಯಲ್ಲೇ ಲೆಕ್ಕ ಬರೆಯುತ್ತಿದ್ದರು. ಆ ವರ್ಷ ಹೊಸ ಏರ್ಪಾಡು ಬಂದಿತ್ತು. ಚನ್ನಗಿರಿ ಕಡೆಯ ನಾಲೆಗಳ ಚೀಟಿ, ಹೊನ್ನಾಳಿ ಮತ್ತು ನ್ಯಾಮತಿ ಕಡೆಯ ಚೀಟಿ, ಎಲ್ಲವೂ ದಾವಣಗೆರೆಗೆ ಹೋಗುತ್ತಿದ್ದವು. ಅಲ್ಲಿ ಒಂದು ಗಿರಣಿಯಲ್ಲಿ ಕಂಪ್ಯೂಟರ್ ಇತ್ತು. ಅದನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡುತ್ತಿದ್ದರು. ಚೀಟಿಯ ಅಂಕಿಗಳನ್ನು ಕಾರ್ಡಿನಲ್ಲಿ ತೂತು ಹೊಡೆದು ಯಂತ್ರಕ್ಕೆ ಉಣಿಸಿದರೆ ಎಲ್ಲ ಕಡೆಯದೂ ಸೇರಿ ಒಂದೇ ತಖ್ತೆಯಾಗಿ ಹೊರಗೆ ಬರುತ್ತಿತ್ತು. ಯಾವ ತೂಬಿಗೆ ಎಷ್ಟು ನೀರು ಹೋಯಿತು, ಮುಂದಿನ ಸರದಿಯಲ್ಲಿ ಯಾರಿಗೆ ಎಷ್ಟು ಬಿಡಬೇಕು ಎಂಬುದನ್ನು ಆ ತಖ್ತೆ ನೋಡಿಯೇ ತೀರ್ಮಾನಿಸುತ್ತಿದ್ದರು.

ಸೌಡಿಗೆ ಏಟು ಬಿದ್ದದ್ದು ಆ ತಖ್ತೆಯಿಂದಲೇ. ಸಂತೇಬೆನ್ನೂರಿನಲ್ಲಿ ನಡೆದ ರೈತರ ಸಭೆಯಲ್ಲಿ, ಕೊನೆ ಭಾಗದ ಊರಿನವರು ನೀರು ಬಂದಿಲ್ಲ ಎಂದು ಕೂಗಾಡಿದಾಗ ನಮ್ಮ ಸಾಹೇಬರು ತಖ್ತೆಯನ್ನು ಎತ್ತಿ ತೋರಿಸಿದ್ದರು. "ಬಂದಿಲ್ಲ ಅಂದ್ರೆ ಹೇಗ್ರೀ? ಕೊನೆ ತೂಬಿಗೆ ದಿನಾ ಎರಡೂವರೆ ಅಡಿ ಹೋಗಿದೆ. ಇದು ಗುಮಾಸ್ತ ಬರೆದದ್ದಲ್ಲ, ಕಂಪ್ಯೂಟರ್ ಹೇಳಿರೋದು. ಅದಕ್ಕೆ ಸುಳ್ಳು ಹೇಳಿ ಏನಾಗಬೇಕು?" ಜನ ಸುಮ್ಮನಾದರು. ಆದರೆ ಗದ್ದೆಯಲ್ಲಿ ಭತ್ತದ ಪೈರು ಒಣಗುತ್ತಿರುವುದನ್ನು ಅವರು ಕಣ್ಣಾರೆ ಕಂಡಿದ್ದರು. ಯಂತ್ರ ಸುಳ್ಳು ಹೇಳುವುದಿಲ್ಲ, ನೀರು ಬಂದಿದೆ, ಗದ್ದೆಗೆ ಮಾತ್ರ ಮುಟ್ಟಿಲ್ಲ. ಹಾಗಾದರೆ ನಡುವೆ ಯಾರೋ ಮೇಲಿನ ಊರಿನವರಿಗೆ ತಿರುಗಿಸಿ ಕೊಟ್ಟಿದ್ದಾರೆ. ತೂಬಿನ ಬಾಗಿಲು ಇದ್ದದ್ದು ಸೌಡಿಯ ಕೈಯಲ್ಲಿ. ಮರುದಿನವೇ ಅವನನ್ನು ಕೆಡವಿದರು.

ಸುದ್ದಿ ಬಂದ ದಿನವೇ ನಾನು ಜೀಪಿನಲ್ಲಿ ಆ ತೂಬಿಗೆ ಹೋದೆ. ಗೇಜು ಕಲ್ಲಿನ ಬುಡದಲ್ಲಿ ನೆಲ ಬಿರುಕು ಬಿಟ್ಟಿತ್ತು. ಪಾಚಿ ಒಣಗಿ ಸಿಪ್ಪೆಯ ಹಾಗೆ ಏಳುತ್ತಿತ್ತು. ಎರಡೂವರೆ ಅಡಿ ನೀರು ನಿನ್ನೆ ಮೊನ್ನೆ ಹರಿದ ನಾಲೆ ಅದಲ್ಲ ಎಂದು ತಿಳಿಯಲು ಇಂಜಿನಿಯರ್ ಆಗಬೇಕಿರಲಿಲ್ಲ. ಕಲ್ಲಿನ ಮೇಲೆ ರಕ್ತದ ಕಲೆ ಹಾಗೇ ಇತ್ತು. ನಾನು ಬಗ್ಗಿ ನೋಡುತ್ತಿರುವಾಗಲೇ ಜೀಪಿನ ಮುಂದಿನ ಗಾಜು ಒಡೆದ ಸದ್ದಾಯಿತು. ತಿರುಗಿದರೆ ಏರಿಯ ಮೇಲೆ ಜನ. ಎರಡನೆಯ ಕಲ್ಲು ನಮ್ಮ ಡ್ರೈವರನ ಕಿವಿಗೆ ತಾಗಿ ರಕ್ತ ಸುರಿಯತೊಡಗಿತು. ಮುಂದೆ ಬಂದವನು ಸೌಡಿಯ ಭಾಮೈದ. ಎತ್ತರದ ಆಳು. ನನ್ನ ಅಂಗಿಯ ಎದೆ ಹಿಡಿದು, "ಇವನದೂ ಪಾಲು ಐತೆ ಕಣ್ರೋ" ಎಂದು ಕೂಗಿದ.

"ಕೈ ತೆಗಿ. ನೀರು ಬಂದಿಲ್ಲ ಅಂತ ನನಗೂ ಕಾಣ್ತಿದೆ" ಎಂದು ನಾನೂ ಅಷ್ಟೇ ಜೋರಾಗಿ ಕೂಗಿದೆ. "ತಖ್ತೆ ಎಲ್ಲೋ ತಪ್ಪಿದೆ. ಮುಂದಿನ ಸಭೆ ಹೊತ್ತಿಗೆ ಏನು ಅಂತ ಹೇಳ್ತೀನಿ."

ಅವನು ಕೈ ಬಿಟ್ಟ. ಬಿಟ್ಟು, ನಿಧಾನವಾಗಿ ಹೇಳಿದ. "ಸಭೆ ತನಕ ಅವ್ನು ಆಸ್ಪತ್ರ್ಯಾಗೆ ಇರ್ಲಿ. ಮಾರಿಲ್ಲ ಅಂತ ಆದ್ರೆ ಸರಿ. ಮಾರ್ಯಾನೆ ಅಂತ ಆದ್ರೆ ಊರಿಗೆ ಕಾಲಿಡಬಾರ್ದು. ಇಟ್ಟ ಅಂದ್ರೆ ಈ ಸಲ ಕೈಯಿಗೆ ಹೊಡೆಯಾಕಿಲ್ಲ. ನಮ್ಮಕ್ಕ ರಂಡೆ ಆದ್ರೂ ಆಗ್ಲಿ."

ಅವನು ಬೆದರಿಸಲು ಹೇಳಿದ್ದಲ್ಲ, ಮಾಡುವುದನ್ನೇ ಹೇಳಿದ್ದು. ಅಷ್ಟು ಹೊತ್ತಿಗಾಗಲೇ ಸೌಡಿಯ ಮನೆಯ ಹೆಂಚುಗಳನ್ನು ಕಲ್ಲು ತೂರಿ ಒಡೆದು ಹಾಕಿದ್ದರು. ಕಚೇರಿಯಲ್ಲಿ ಅವನ ಸಸ್ಪೆಂಡ್ ಆದೇಶ ಟೈಪಾಗುತ್ತಿತ್ತು. ತಖ್ತೆ ನಿಜವಾದರೆ ಸೌಡಿ ಕಳ್ಳ. ಸೌಡಿ ಕಳ್ಳನಲ್ಲ ಎನ್ನಬೇಕಾದರೆ ತಖ್ತೆ ಎಲ್ಲಿ ಕೆಟ್ಟಿತೆಂದು ನಾನು ತೋರಿಸಬೇಕು. ಅವನ ಜೀವ ಇಷ್ಟರ ಮೇಲೆ ನಿಂತಿತ್ತು.

ಸಾಹೇಬರಿಗೂ ಒಂದು ಚಿಂತೆಯಿತ್ತು, ಅದು ಬೇರೆ ತರಹದ್ದು. ತಖ್ತೆಯ ಹಿಂದೆ ಪ್ರತಿ ಸಲವೂ ವಾರ್ನಿಂಗ್‌ಗಳ ಒಂದು ಕಂತೆ ಮುದ್ರಣವಾಗಿ ಬರುತ್ತಿತ್ತು. ಇಂಥ ಕಾರ್ಡಿನಲ್ಲಿ ಅಂಕಿಯ ಜಾಗದಲ್ಲಿ ಅಂಕಿಯಲ್ಲದ್ದು ಇದೆ, ಇಂಥ ಕಾರ್ಡಿನಲ್ಲಿ ಜಾಗ ಖಾಲಿ ಇದೆ ಎಂದು ಸಾಲು ಸಾಲು. ಇದುವರೆಗೆ ಅದನ್ನು ಹರಿದು ಬುಟ್ಟಿಗೆ ಹಾಕಿ, ಮುಂದಿನ ಹಾಳೆಗಳನ್ನಷ್ಟೇ ಮೇಲಿನವರಿಗೆ ಕಳಿಸುತ್ತಿದ್ದರು. ಈಗ ಸೌಡಿಯ ತಲೆ ಒಡೆದಿರುವಾಗ ಯಾರಾದರೂ ಆ ಕಂತೆ ಕೇಳಿದರೆ ಎಂಬ ಭಯ ಹತ್ತಿತ್ತು. "ನೀವು ದಾವಣಗೆರೆಗೆ ಹೋಗಿ. ಒಂದು ವಾರ್ನಿಂಗೂ ಬರದ ಹಾಗೆ ಮಾಡಿಸಿಕೊಂಡು ಬನ್ನಿ. ಸಭೆಗೆ ಕ್ಲೀನ್ ತಖ್ತೆ ಬೇಕು" ಎಂದರು. ನನಗೆ ಬೇಕಾದದ್ದೂ ಆ ಕಂತೆಯೇ. ಅವತ್ತೇ ಬಸ್ಸು ಹತ್ತಿದೆ.

ಗಿರಣಿಯ ಹಿಂಭಾಗದ ಒಂದು ತಂಪು ಕೋಣೆಯಲ್ಲಿ ಕಂಪ್ಯೂಟರ್. ನೋಡಿಕೊಳ್ಳುತ್ತಿದ್ದವನು ಬೆಂಗಳೂರಿನಿಂದ ಬಂದ ಪ್ರೋಗ್ರಾಮರ್, ನನ್ನ ವಯಸ್ಸಿನವನೇ. ಒಳ್ಳೆಯ ಮನುಷ್ಯ, ಆದರೆ ನಾಲೆಯನ್ನು ಕಂಡವನಲ್ಲ. "ವಾರ್ನಿಂಗ್ ಅಂದ್ರೆ ತಪ್ಪು ಅಂತಲ್ಲ ಸಾರ್. ಕೆಲಸ ನಿಲ್ಲಲ್ಲ, ತಖ್ತೆ ಬಂದೇ ಬರುತ್ತೆ. ತಲೆ ಕೆಡಿಸ್ಕೋಬೇಡಿ" ಎಂದ. ನಾನು ಕಂತೆಯನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ.

ಮೊದಲು ಅಂಕಿಯಲ್ಲದ ಅಂಕಿಗಳು. ಇದು ಬೇಗ ಅರ್ಥವಾಯಿತು. ಹೊನ್ನಾಳಿ ಕಡೆಯವರು ಅಡಿ ಮತ್ತು ಅಂಗುಲ ಬರೆಯುತ್ತಿದ್ದರು. ಎರಡಡಿ ಆರಂಗುಲವೆಂದರೆ ಎರಡು, ಒಂದು ಅಡ್ಡಗೆರೆ, ಆರು. ನಮ್ಮ ಕಡೆ ಗೇಜು ಕಲ್ಲಿನಲ್ಲಿ ಅಡಿಯನ್ನು ಹತ್ತು ಭಾಗ ಮಾಡಿ ಬಣ್ಣ ಹಚ್ಚಿದ್ದರಿಂದ ಎರಡೂವರೆಯೆಂದರೆ ಎರಡು, ಚುಕ್ಕೆ, ಐದು. ಯಂತ್ರಕ್ಕೆ ಅಡ್ಡಗೆರೆಯೂ ಗೊತ್ತಿಲ್ಲ, ಚುಕ್ಕೆಯೂ ಗೊತ್ತಿಲ್ಲ. ವಾರ್ನಿಂಗ್ ಕೊಟ್ಟು, ಅಡ್ಡಗೆರೆ ಚುಕ್ಕೆ ಎರಡನ್ನೂ ಕಿತ್ತೊಗೆದು, ಉಳಿದ ಅಂಕಿಗಳನ್ನು ಒತ್ತಿ ಸೇರಿಸಿ, ಕೊನೆಯ ಅಂಕಿಗೆ ಮೊದಲು ತಾನೇ ಒಂದು ಚುಕ್ಕೆ ಇಡುತ್ತಿತ್ತು. ಎರಡಡಿ ಆರಂಗುಲ ಎರಡು ಪಾಯಿಂಟ್ ಆರು ಆಗುತ್ತಿತ್ತು. ಸಣ್ಣ ತಪ್ಪು, ಯಾರಿಗೂ ಕಾಣುವುದಿಲ್ಲ. ಆದರೆ ಎರಡಡಿ ಹತ್ತಂಗುಲವಿದ್ದ ದಿನ ಅದು ಇಪ್ಪತ್ತೊಂದಡಿ ಎಂದು ಬರೆದಿತ್ತು. ಅಷ್ಟು ನೀರು ಆ ನಾಲೆಯಲ್ಲಿ ಬಂದಿದ್ದರೆ ಅರ್ಧ ಹೊನ್ನಾಳಿ ಕೊಚ್ಚಿಕೊಂಡು ಹೋಗಿರಬೇಕಿತ್ತು. ಯಾರೂ ಅದನ್ನು ಓದಿಯೇ ಇರಲಿಲ್ಲ.

ಪ್ರೋಗ್ರಾಮರನು ಎಲ್ಲ ಅಂಕಿಯನ್ನೂ ಅಡಿ ಅಂಗುಲವೆಂದೇ ಓದುವ ಹಾಗೆ ಸಾಲು ಬದಲಿಸಿದ. ಕಾರ್ಡು ಮತ್ತೆ ಓಡಿಸಿದೆವು. ವಾರ್ನಿಂಗ್ ಅರ್ಧಕ್ಕರ್ಧ ಇಳಿಯಿತು, ಅವನು ಕೈ ತಟ್ಟಿದ. ನಾನು ತಖ್ತೆ ನೋಡಿದೆ. ಈಗ ನಮ್ಮ ಕಡೆಯ ಎರಡು ಪಾಯಿಂಟ್ ಐದು ಎರಡಡಿ ಐದಂಗುಲವಾಗಿತ್ತು. ವಾರ್ನಿಂಗ್ ಹೋಗಿತ್ತು, ತಪ್ಪು ಹೋಗಿರಲಿಲ್ಲ. ಜಾಗ ಬದಲಿಸಿಕೊಂಡು ಸದ್ದಿಲ್ಲದೆ ಕೂತಿತ್ತು. ನನಗೆ ರೇಗಿತು. ಕೊನೆಗೆ ಕಾರ್ಡಿನಲ್ಲಿ ಅಡಿಗೆ ಒಂದು ಜಾಗ, ಅಂಗುಲಕ್ಕೆ ಬೇರೆ ಜಾಗ ಮಾಡಿ, ನಮ್ಮ ಕಡೆಯ ಚೀಟಿಗಳನ್ನು ನಾನೇ ಕೂತು ಅಂಗುಲಕ್ಕೆ ತಿರುಗಿಸಿ, ಹೊಸದಾಗಿ ತೂತು ಹೊಡೆಸಿದೆ. ಆಮೇಲೆ ಆ ಬಗೆಯ ವಾರ್ನಿಂಗ್ ನಿಜವಾಗಿ ನಿಂತಿತು.

ಆದರೆ ಕೊನೆಯ ತೂಬಿನ ಎರಡೂವರೆ ಅಡಿ ಕದಲಲಿಲ್ಲ. ಅಲ್ಲೇ ಇತ್ತು, ದಿನದಿನವೂ. ಆ ತೂಬಿನ ಚೀಟಿಗಳನ್ನು ತೆಗೆದು ನೋಡಿದೆ. ಸರದಿಯ ಮೊದಲ ದಿನಗಳಲ್ಲಿ ಸೌಡಿ ಎರಡೂವರೆ ಎಂದು ಬರೆದಿದ್ದ. ಆಮೇಲಿನ ಚೀಟಿಗಳಲ್ಲಿ ದಿನಾಂಕವಿದೆ, ಸಹಿಯಿದೆ, ಅಡಿಯ ಜಾಗ ಖಾಲಿ.

"ಖಾಲಿ ಇದ್ರೆ ಏನು ಮಾಡುತ್ತೆ ನಿಮ್ಮ ಯಂತ್ರ?"

"ನಿನ್ನೆ ಅಂಕೀನೇ ಇವತ್ತಿಗೂ ಹಾಕುತ್ತೆ ಸಾರ್. ವಾರ್ನಿಂಗ್ ಕೊಟ್ಟೇ ಹಾಕುತ್ತೆ" ಎಂದ ಅವನು, ನನಗೆ ಉಪಕಾರ ಮಾಡಿದವನ ಹಾಗೆ.

ನಾನು ಅವನ ಕಾಲರು ಹಿಡಿದು ಗೋಡೆಗೆ ಒತ್ತಿದ್ದು ನನಗೇ ತಿಳಿಯಲಿಲ್ಲ. ಕಾರ್ಡಿನ ಡಬ್ಬ ಬಿದ್ದು ಕೋಣೆ ತುಂಬ ಕಾರ್ಡು ಚೆಲ್ಲಿತು. "ನೀನು ಹಾಕಿದ ಅಂಕಿಗೆ ಅಲ್ಲೊಬ್ಬನ ತಲೆ ಒಡೆದಿದ್ದಾರೆ ಗೊತ್ತೇನೋ" ಎಂದು ಕಿರುಚಿದೆ. ಅವನ ಮುಖ ಬಿಳಿಚಿಕೊಂಡಿತು. "ನಾನಾಗಿ ಮಾಡಿದ್ದಲ್ಲ ಸಾರ್, ನ್ಯಾಮತಿ ಕಡೆಯೋರು ಹಾಗೆ ಹಾಕಿ ಅಂತ ಹೇಳಿದ್ರು" ಎಂದ. ಬಿಟ್ಟೆ. ಇಬ್ಬರೂ ನೆಲದ ಮೇಲೆ ಕೂತು ಕಾರ್ಡುಗಳನ್ನು ಒಂದೊಂದಾಗಿ ಜೋಡಿಸಿದೆವು. ಆಮೇಲೆ ಅವನೇ ಹೋಗಿ ಚಹಾ ತಂದ.

ಮರುದಿನ ನ್ಯಾಮತಿಗೆ ಹೋದೆ. ಅಲ್ಲಿಯ ಓವರ್‌ಸಿಯರ್ ವಯಸ್ಸಾದವರು. ಅವರ ಸುಪರ್ದಿನಲ್ಲಿ ಇದ್ದದ್ದು ನಾಲೆಗಳಲ್ಲ, ಸವಳಂಗದ ಸುತ್ತಮುತ್ತಲ ಕೆರೆಗಳು. ನನ್ನ ಪ್ರಶ್ನೆ ಕೇಳಿ ಅವರು ನಕ್ಕರು.

"ಕೆರೆ ನೀರು ದಿನಾ ಹೆಚ್ಚು ಕಮ್ಮಿ ಆಗ್ತತೇನ್ರೀ? ನಿನ್ನೆ ಇದ್ದಂಗೆ ಇವತ್ತೂ ಇರ್ತತೆ. ಅದನ್ನೇ ಎಷ್ಟು ಸಲ ಬರೀಬೇಕು? ಬದಲಾದ್ರೆ ಬರೀತೀವಿ, ಇಲ್ಲಾಂದ್ರೆ ಖಾಲಿ. ನಮ್ಮ ಸರ್ವಿಸ್ ಪೂರ್ತಿ ಹಂಗೇ ನಡ್ಕಂಡು ಬಂದೈತೆ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕೆರೆಗೆ ಅದು ಸರಿ. ಕೆರೆಯವರು ಹೇಳಿದ ನಿಯಮವನ್ನು ಪ್ರೋಗ್ರಾಮರ್ ನಾಲೆಗೂ ಹಾಕಿಬಿಟ್ಟಿದ್ದ. ನನಗೆ ಗೆದ್ದಷ್ಟು ಸಂತೋಷವಾಯಿತು. ಚನ್ನಗಿರಿಗೆ ವಾಪಸು ಬಂದವನೇ ಸಾಹೇಬರಿಗೆ ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡು, ಕನ್ನಡಕ ತೆಗೆದು ಒರೆಸುತ್ತ, "ಅಂದ್ರೆ ಅವನು ಗೇಜು ನೋಡೋಕೆ ಹೋಗ್ಲೇ ಇಲ್ಲ ಅಂತ ಆಯ್ತು. ಖಾಲಿ ಚೀಟಿಗೆ ಸಹಿ ಹಾಕಿ ಕಳಿಸಿದ್ದಾನೆ. ಸಸ್ಪೆಂಡ್ ಮಾಡೋಕೆ ಇನ್ನೂ ಒಳ್ಳೆ ಕಾರಣ" ಎಂದರು. ಮನೆಯಲ್ಲಿ ಮಲಗಿದ್ದು ನೀರು ಮಾರಿಕೊಂಡವನೆಂದು ಊರಿನವರಿಗೆ ಹೇಳಲು ಅಷ್ಟು ಸಾಕಾಗಿತ್ತು.

ಸೌಡಿಯನ್ನೇ ಕೇಳದೆ ದಾರಿಯಿರಲಿಲ್ಲ. ಆಸ್ಪತ್ರೆಯಲ್ಲಿ ಅವನ ತಲೆಗೆ ಹೊಲಿಗೆ ಹಾಕಿದ್ದರು. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಹೆಂಡತಿ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ನಾನು ಖಾಲಿ ಚೀಟಿಗಳನ್ನು ಅವನ ಮುಂದೆ ಹಿಡಿದೆ. ಅವನು ಉಳಿದ ಒಂದು ಕಣ್ಣಿನಿಂದ ನೋಡಿದ.

"ದಿನಾ ಹೋಗಿ ನೋಡೀನಿ ಸಾಹೇಬ್ರೆ. ನೀರು ಇರ್ಲಿಲ್ಲ. ಅದಕ್ಕೇ ಬರೀಲಿಲ್ಲ."

"ಇಲ್ಲ ಅಂದ್ರೆ ಸೊನ್ನೆ ಬರೀಬೇಕು ತಾನೆ?"

ಅವನಿಗೆ ನನ್ನ ಮಾತೇ ವಿಚಿತ್ರವಾಗಿ ಕಂಡಿತು. "ನೀರಿನ ಮುಂದೆ ಸೊನ್ನೆ ಹೆಂಗೆ ಬರೀತಾರೆ? ಮನ್ಯಾಗೆ ಅಕ್ಕಿ ಮುಗಿದ್ರೂ ಇಲ್ಲ ಅನ್ನಾಕಿಲ್ಲ ನಾವು. ನೀರಿಗೆ ಸೊನ್ನೆ ಬರೆದ್ರೆ ಬರೋ ನೀರೂ ಬರಾಕಿಲ್ಲ. ನಮ್ಮಪ್ಪನೂ ಬರ್ದಿಲ್ಲ. ಯಾವ ಸೌಡೀನೂ ಬರ್ದಿಲ್ಲ, ಕೇಳಿ ನೋಡ್ರಿ."

ಅಲ್ಲಿಯವರೆಗೆ ಒಳಗೆ ಕುದಿಯುತ್ತಿದ್ದದ್ದೆಲ್ಲ ಅವನ ಮೇಲೆಯೇ ಉಕ್ಕಿತು. "ಒಂದು ಸೊನ್ನೆ ಬರೆದಿದ್ರೆ ಮೈ ಮೇಲೆ ಒಂದೇಟೂ ಬೀಳ್ತಿರಲಿಲ್ಲವಲ್ಲೋ! ಬುದ್ಧಿ ಇದೆಯಾ ನಿನಗೆ!" ಎಂದು ವಾರ್ಡೆಲ್ಲ ಕೇಳುವ ಹಾಗೆ ಕೂಗಿದೆ. ಚೀಟಿ ಹಿಡಿದ ನನ್ನ ಕೈ ಮೇಲೆ ಎದ್ದಿತ್ತು. ಅವನ ಹೆಂಡತಿ ಎದ್ದು ಮಂಚಕ್ಕೂ ನನಗೂ ನಡುವೆ ಬಂದಳು.

"ಹೊಡೀರಿ. ನಮ್ಮ ತಮ್ಮ ಹೊಡ್ದ, ಊರೋರು ಹೊಡದ್ರು, ನೀವೊಬ್ರು ಬಾಕಿ ಇದ್ರಿ. ಬಲಗೈ ಇನ್ನೂ ಚೆನ್ನಾಗೈತೆ, ಅದಕ್ಕೆ ಹೊಡೀರಿ."

ಕೈ ಇಳಿಸಿದೆ. ಅವಳ ಮುಖ ನೋಡಲಾಗದೆ ಹೊರಗೆ ಬಂದೆ. ನಾಚಿಕೆಯೋ ಕೋಪವೋ ಹೇಳಲಾರೆ, ಎರಡೂ ಇತ್ತು.

ಕಚೇರಿಗೆ ಹೋಗಿ ಹಳೆಯ ಚೀಟಿಗಳ ಕಟ್ಟುಗಳನ್ನು ಅಟ್ಟದಿಂದ ಇಳಿಸಿ ಬಿಚ್ಚಿದೆ. ಧೂಳಿಗೆ ಸೀನುತ್ತ, ಎಲ್ಲ ಸೌಡಿಗಳ ಎಲ್ಲ ಚೀಟಿಗಳನ್ನೂ ತಿರುವಿದೆ. ಎಲ್ಲಿಯೂ ಒಬ್ಬನ ಕೈಯ ಸೊನ್ನೆಯೂ ಇರಲಿಲ್ಲ. ಬೇಸಿಗೆಯಲ್ಲಿ ನಾಲೆ ಪೂರ್ತಿ ನಿಲ್ಲಿಸಿದ ತಿಂಗಳುಗಳಲ್ಲಿ ಸಹ ಖಾಲಿಯೇ. ಹಿಂದಿನ ಗುಮಾಸ್ತರು ಇದೇ ಸೀಮೆಯವರಾದ್ದರಿಂದ ಖಾಲಿ ಕಂಡರೆ ನೀರಿಲ್ಲವೆಂದು ತಾವೇ ತಿಳಿದುಕೊಂಡು ಲೆಕ್ಕ ಹಾಕಿದ್ದರು. ಯಾರೂ ಯಾರಿಗೂ ಹೇಳಿಕೊಡುವ ಅಗತ್ಯ ಬಿದ್ದಿರಲಿಲ್ಲ. ಆ ತಿಳಿವಳಿಕೆ ಗುಮಾಸ್ತರ ತಲೆಯಲ್ಲಿತ್ತು, ಕಾರ್ಡಿಗೆ ಹೋಗಲಿಲ್ಲ.

ಕಟ್ಟು ಹೊತ್ತುಕೊಂಡು ಮತ್ತೆ ದಾವಣಗೆರೆಗೆ ಹೋದೆ. ಸಭೆ ಹತ್ತಿರ ಬಂದಿತ್ತು. ಪ್ರೋಗ್ರಾಮರನು ಸುಲಭದ ದಾರಿ ಹೇಳಿದ, ಖಾಲಿ ಇದ್ದ ಕಡೆಯೆಲ್ಲ ಸೊನ್ನೆ ಹಾಕೋಣ ಎಂದ. ಆತುರದಲ್ಲಿ ನಾನೂ ಹೂಂ ಅಂದೆ. ತಖ್ತೆ ಬಂತು. ಕೊನೆಯ ತೂಬಿಗೆ ಸೊನ್ನೆ ಬಿತ್ತು, ಸರಿ. ಸವಳಂಗದ ಕೆರೆಗಳೂ ಒಂದೇ ಏಟಿಗೆ ಬರಿದಾಗಿದ್ದವು. ಅದು ಹಾಗೇ ಹೊರಗೆ ಹೋಗಿದ್ದರೆ ಕೆರೆ ಒಡ್ಡು ಒಡೆದಿದೆಯೆಂದು ಆ ಕಡೆ ಗಲಾಟೆ ಎದ್ದು, ಅಲ್ಲಿ ಕೆರೆ ನೀರು ಬಿಡುವ ನೀರುಗಂಟಿಗಳ ತಲೆಗೆ ಸನಿಕೆ ಬೀಳುತ್ತಿತ್ತು. ಇಬ್ಬರೂ ಹಾಳೆಯನ್ನು ಹರಿದು ಹಾಕಿದೆವು.

ಕೆರೆಗೆ ಒಂದು ನಿಯಮ, ನಾಲೆಗೆ ಒಂದು ನಿಯಮ ಎಂದು ಬೇರ್ಪಡಿಸಿದೆವು. ಅದೂ ನಿಲ್ಲಲಿಲ್ಲ. ಸೌಡಿ ಆಸ್ಪತ್ರೆ ಸೇರಿದ ಮೇಲೆ ಆ ಗೇಜನ್ನು ನೋಡಲು ಯಾರೂ ಹೋಗಿರಲಿಲ್ಲ. ಆ ದಿನಗಳ ಚೀಟಿಯೇ ಇಲ್ಲ. ಅದಕ್ಕೂ ಯಂತ್ರ ಸೊನ್ನೆ ಹಾಕಿತ್ತು. ನೀರು ಬಂದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಅಂಕಿ ಮಾಡಿದ್ದಕ್ಕೇ ಒಬ್ಬ ಸಾಯುವುದರಲ್ಲಿದ್ದ. ಈಗ ನಮಗೆ ಅನುಕೂಲವಾದ ಅಂಕಿಯೆಂದು ನಾನೂ ಅದನ್ನೇ ಮಾಡಲು ಹೊರಟಿದ್ದೆ.

ಅಲ್ಲಿ ಕೂತೇ ತೀರ್ಮಾನ ಮಾಡಿದೆ. ಕಾರ್ಡಿನಲ್ಲಿ ಇನ್ನೊಂದು ಜಾಗ ತೆಗೆದೆವು. ಖಾಲಿ ಇದ್ದರೆ ಯಾಕೆ ಖಾಲಿ ಎಂಬುದನ್ನು ಅಲ್ಲಿ ಹೊಡೆಯಬೇಕು. ಒಣಗಿತ್ತು ಎಂಬುದಕ್ಕೆ ಒಂದು ಗುರುತು, ನಿನ್ನೆಯಷ್ಟೇ ಎಂಬುದಕ್ಕೆ ಒಂದು, ಯಾರೂ ನೋಡಿಲ್ಲ ಎಂಬುದಕ್ಕೆ ಒಂದು. ಯಾರೂ ನೋಡಿಲ್ಲದ ದಿನ ತಖ್ತೆಯಲ್ಲಿ ಅಂಕಿಯ ಬದಲು ನಕ್ಷತ್ರ ಬೀಳಬೇಕು, ಮುಂದಿನ ಲೆಕ್ಕ ಅಲ್ಲಿಗೇ ನಿಲ್ಲಬೇಕು. ಗುರುತೇ ಇಲ್ಲದ ಖಾಲಿ ಕಾರ್ಡು ಬಂದರೆ ಯಂತ್ರ ವಾರ್ನಿಂಗ್ ಕೊಟ್ಟು ಮುಂದೆ ಹೋಗಬಾರದು, ನಿಂತುಬಿಡಬೇಕು. ಪ್ರೋಗ್ರಾಮರನು ಒಂದು ಮಾತು ಎದುರಾಡದೆ ಬರೆದ. ಖಾಲಿ ಕಾರ್ಡುಗಳಿಗೆಲ್ಲ ಗುರುತು ಹೊಡೆದು ಓಡಿಸಿದಾಗ ಒಂದೂ ವಾರ್ನಿಂಗ್ ಬರಲಿಲ್ಲ.

ಸಾಹೇಬರು ನಕ್ಷತ್ರಗಳನ್ನು ನೋಡಿ ಕೆಂಡವಾದರು. "ಇದೇನ್ರೀ ಇದು, ತಖ್ತೆನಾ ದೀಪಾವಳಿನಾ? ಸಭೇಲಿ ಇದನ್ನ ಏನಂತ ಓದ್ಲಿ?"

"ಗೊತ್ತಿಲ್ಲ ಅಂತ ಓದಿ ಸಾರ್."

ಮೇಜಿನ ಮೇಲಿದ್ದ ಗಾಜಿನ ಪೇಪರ್‌ವೇಟು ನನ್ನ ಭುಜಕ್ಕೆ ಬಂದು ಬಡಿಯಿತು. ಎತ್ತಿಕೊಂಡು ಮತ್ತೆ ಮೇಜಿನ ಮೇಲೆ ಇಟ್ಟೆ. ನೀವು ಓದದಿದ್ದರೆ ನಾನು ಓದುತ್ತೇನೆ, ಹಳೆಯ ವಾರ್ನಿಂಗ್ ಕಂತೆಯನ್ನೂ ಜೊತೆಗೆ ಓದುತ್ತೇನೆ ಎಂದೆ. ಅವರು ತಖ್ತೆಯನ್ನು ನನ್ನ ಕಡೆಗೇ ತಳ್ಳಿದರು. ಸಭೆಯ ದಿನ ಮಾತಾಡುವ ಕೆಲಸ ನನಗೇ ಬಿತ್ತು.

ಸಂತೇಬೆನ್ನೂರಿನ ಶಾಲೆಯ ಬಯಲಿನಲ್ಲಿ ಜನ. ಒಂದು ಕಡೆ ಮೇಲಿನ ಊರಿನವರು, ಇನ್ನೊಂದು ಕಡೆ ಕೊನೆ ಭಾಗದವರು. ಎರಡೂ ಕಡೆ ಕೈಯಲ್ಲಿ ದೊಣ್ಣೆ. ನಡುವೆ ನಾಲ್ಕಾರು ಪೊಲೀಸರು. ನಾನು ತಖ್ತೆ ಬಿಡಿಸಿ, ಹಿಂದಿನ ಸಲ ಓದಿದ್ದು ಸುಳ್ಳು ಎಂದು ಶುರು ಮಾಡಿದೆ. ಖಾಲಿ ಜಾಗಕ್ಕೆ ಯಂತ್ರ ಹಿಂದಿನ ದಿನದ ಅಂಕಿ ತುಂಬಿತ್ತು, ಸರದಿಯ ಮೊದಲ ದಿನಗಳು ಬಿಟ್ಟರೆ ಕೊನೆಯ ತೂಬಿಗೆ ಒಂದು ಅಂಗುಲ ನೀರೂ ಬಂದಿಲ್ಲ, ಸೌಡಿಗೆ ಏಟು ಬಿದ್ದ ಮೇಲಿನ ದಿನಗಳ ಲೆಕ್ಕ ನಮಗೆ ಗೊತ್ತಿಲ್ಲ ಎಂದೆ. ಸೌಡಿಯ ಭಾಮೈದ ಎದ್ದು ನಿಂತ.

"ಹಂಗಾರೆ ಅವ ಮಾರ್ಲಿಲ್ಲ?"

"ಮಾರೋಕೆ ಅವನ ತೂಬಿಗೆ ನೀರೇ ಬಂದಿಲ್ಲ."

ಅವನು ಅಲ್ಲೇ ಕುಸಿದು ಕೂತ. ಎರಡೂ ಕೈಯಿಂದ ತಲೆ ಚಚ್ಚಿಕೊಂಡ. ಅವನ ಊರಿನ ಹಿರಿಯರೊಬ್ಬರು ನನ್ನ ಹತ್ತಿರ ಬಂದು, ಸೌಡಿಯನ್ನು ನಾವೇ ಹೋಗಿ ಊರಿಗೆ ಕರೆತರುತ್ತೇವೆ, ಮನೆಗೆ ಹೆಂಚೂ ಹೊದಿಸುತ್ತೇವೆ ಎಂದರು. ಸೌಡಿ ಉಳಿದನೆಂದು ನನ್ನ ಮನಸ್ಸು ಹಗುರವಾಯಿತು.

ಅಷ್ಟರಲ್ಲಿ ಭಾಮೈದ ಮತ್ತೆ ತಲೆ ಎತ್ತಿದ. "ಮೇಲಿನ ತೂಬಿಗೆ ಎಷ್ಟು ಬಂದೈತೆ ಓದ್ರಿ ಸ್ವಲ್ಪ."

ತಖ್ತೆ ನನ್ನ ಕೈಯಲ್ಲೇ ಇತ್ತು. ಅದನ್ನು ಓದುವುದಿಲ್ಲ ಎನ್ನಲು ನನಗೆ ಬಾಯಿರಲಿಲ್ಲ. ಓದಿದೆ. ಮೇಲಿನ ತೂಬಿಗೆ ದಿನವೂ ತುಂಬ ನೀರು. ಅದರ ಕೆಳಗೆ ನಮ್ಮ ಕೊನೆಯ ತೂಬಿನವರೆಗೆ ನಾಲೆಗೆ ಬೇರೆ ಬಾಗಿಲೇ ಇಲ್ಲ. ನಡುವೆ ಇದ್ದದ್ದು ಮೇಲಿನ ಊರಿನವರ ಗದ್ದೆ ಮತ್ತು ಏರಿ ಕೊರೆದು ಹಾಕಿದ ಅವರ ಪೈಪುಗಳು. ಅದು ಎಲ್ಲರಿಗೂ ಗೊತ್ತಿತ್ತು. ಕೊನೆಯ ತೂಬಿಗೆ ನೀರು ಬಂದಿದೆ ಎಂದು ಯಂತ್ರ ಹೇಳಿದ್ದರಿಂದಷ್ಟೇ ಅದು ಮರೆಯಾಗಿತ್ತು.

ಸಭೆ ಮುಗಿಯಲಿಲ್ಲ, ಒಡೆಯಿತು. ಮೊದಲು ಬೆಂಚುಗಳು ಹಾರಿದವು. ಆಮೇಲೆ ಜನ ಬಯಲು ದಾಟಿ ನಾಲೆಯ ಏರಿಗೆ ಓಡಿದರು, ಪೈಪು ಕೀಳಲು ಒಂದು ಗುಂಪು, ತಡೆಯಲು ಇನ್ನೊಂದು. ನಾನು ಹಿಂದೆ ಓಡಿ ಹೋಗುವಷ್ಟರಲ್ಲಿ ಕುಡುಗೋಲು ಬೀಸಿಯಾಗಿತ್ತು. ಒಬ್ಬನ ಬೆರಳುಗಳು ಹೋದವು. ಇನ್ನೊಬ್ಬನನ್ನು ಪೈಪಿನಿಂದಲೇ ಬಡಿಯುತ್ತಿದ್ದರು. ಪೊಲೀಸರು ಲಾಠಿ ಬೀಸಿದರು, ಯಾರಿಗೆಂದು ನೋಡದೆ ಬೀಸಿದರು. ಭಾಮೈದ ಏರಿಯ ಮೇಲೆ ಬಿದ್ದಿದ್ದ. ಹಣೆಯಿಂದ ಕುತ್ತಿಗೆಯವರೆಗೆ ಸೀಳಿತ್ತು. ನಾನೂ ಡ್ರೈವರನೂ ಸೇರಿ ಅವನನ್ನು ಗಾಜಿಲ್ಲದ ಜೀಪಿಗೆ ಹಾಕಿಕೊಂಡು ಚನ್ನಗಿರಿಗೆ ಓಡಿದೆವು. ದಾರಿಯುದ್ದಕ್ಕೂ ಅವನು "ಭಾವ, ಭಾವ" ಎನ್ನುತ್ತಿದ್ದ. ಆಮೇಲೆ ಅದೂ ನಿಂತಿತು.

ವಾರ್ಡಿನಲ್ಲಿ ಖಾಲಿ ಇದ್ದ ಮಂಚ ಒಂದೇ, ಸೌಡಿಯ ಪಕ್ಕದ್ದು. ಅಲ್ಲಿಯೇ ಮಲಗಿಸಿದರು. ಸೌಡಿ ಮುರಿದ ಕೈ ಎದೆಗೆ ಅವುಚಿಕೊಂಡು ಎದ್ದು ಕೂತ. ಡಾಕ್ಟರು ಬಂದು ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ಕುತ್ತಿಗೆ ಮುಟ್ಟಿದರು, ನರ್ಸಿನ ಕಡೆ ತಿರುಗಿ ತಲೆ ಅಲ್ಲಾಡಿಸಿದರು.

ಸೌಡಿಯ ಹೆಂಡತಿ ಅಳಲಿಲ್ಲ. ತಮ್ಮನ ಮುಖದ ರಕ್ತವನ್ನು ಸೆರಗಿನಿಂದ ಒರೆಸಿದಳು, ಎಷ್ಟು ಒರೆಸಿದರೂ ಹೋಗಲಿಲ್ಲ. ಆಮೇಲೆ ನನ್ನ ಕಡೆ ನೋಡಿದಳು. ತಖ್ತೆ ಇನ್ನೂ ನನ್ನ ಕಂಕುಳಲ್ಲೇ ಇತ್ತು.

"ಈಗ ಸರಿ ಹೋತೇನ್ರೀ ನಿಮ್ಮ ಲೆಕ್ಕ?"

ಸರಿ ಹೋಗಿತ್ತು. ಅದರಲ್ಲಿ ಒಂದು ಅಂಗುಲವೂ ತಪ್ಪಿರಲಿಲ್ಲ.

"ಹೌದಮ್ಮ" ಎಂದೆ.

"ಹಂಗಾರೆ ಇನ್ನು ಹೋಗ್ರಿ" ಎಂದು ಅವಳು ಆ ಕಡೆ ತಿರುಗಿದಳು.